ಕಳಿಸುವಾಗ ಯಾರನ್ನು ಕೇಳಿದಿರಿ?

ನಸುಕಿನ ಐದು ಗಂಟೆಗೆ ಹೊಳೆಆಲೂರ ಕಡೆಯ ರಸ್ತೆಯಲ್ಲಿ ಹುಡುಗರು ಓಡುತ್ತಾರೆ. ಕೆಲವರಿಗೆ ಬೂಟಿವೆ, ಕೆಲವರದು ಬರಿಗಾಲು. ಒಬ್ಬ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಹೊತ್ತು ಹಿಡಿಯುತ್ತಾನೆ. 1,600 ಮೀಟರು, ಗುರಿ ಐದೂವರೆ ನಿಮಿಷ. ಹೊತ್ತಿನೊಳಗೆ ಮುಟ್ಟಿದರೆ ಸೈನ್ಯ, ಇಲ್ಲದಿದ್ದರೆ ಗೋವಾದಲ್ಲಿ ಗಾರೆ ಕೆಲಸ. ನಮ್ಮ ಹೊಳೆಮಣ್ಣೂರಿನ ಎರೆಭೂಮಿ ಮಳೆ ಹಿಡಿದರೆ ಕಡಲೆ, ಜೋಳ ಕೊಡುತ್ತದೆ. ಮಲಪ್ರಭೆ ಉಕ್ಕಿದರೆ ಕೊಟ್ಟದ್ದನ್ನೆಲ್ಲ ಬಳಿದುಕೊಂಡು ಹೋಗುತ್ತದೆ. ಅದಕ್ಕೇ ಹುಡುಗರು ಓಡುತ್ತಾರೆ.

ಅವರನ್ನು ಕಂಡಾಗೆಲ್ಲ ನನಗೆ ಟ್ರಂಕು ನೆನಪಾಗುತ್ತದೆ. ನಮ್ಮ ಭಾಗದಲ್ಲಿ ಮಿಲಿಟರಿಗೆ ಹೋದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಕರಿ ಬಣ್ಣದ ಕಬ್ಬಿಣದ ಪೆಟ್ಟಿಗೆ, ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು. ಹೋದವನು ತಿರುಗಿ ಬಂದಿದ್ದರೆ ಅದರೊಳಗೆ ಕಂಬಳಿ, ಕೌದಿ, ಜಮೀನಿನ ಕಾಗದ ಸೇರಿಕೊಳ್ಳುತ್ತವೆ. ಬರದೆ ಇದ್ದರೆ ಆ ಪೆಟ್ಟಿಗೆಗೆ ಯಾರೂ ಕೈಹಚ್ಚುವುದಿಲ್ಲ. ಹೊಳೆ ಮನೆಯೊಳಗೆ ನುಗ್ಗಿದ ವರ್ಷ, ಕಾಳಿನ ಚೀಲಕ್ಕಿಂತ ಮೊದಲು ಇಂಥದೊಂದು ಟ್ರಂಕನ್ನು ಮಾಳಿಗೆಗೆ ಏರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏರಿಸಿದ ಮುದುಕಿಗೆ ಎದೆಮಟ ನೀರು ಬಂದಿತ್ತು.

ಪರದೇಶದ ಯುದ್ಧದಿಂದ ಪಡೆ ವಾಪಸ್ ಕರೆಸಿರಿ ಎಂದು ಯಾವನಾದರೂ ರಾಜಕಾರಣಿ ಬಾಯಿ ಬಿಟ್ಟರೆ ಸಾಕು, ನಾಲ್ಕೂ ದಿಕ್ಕಿನಿಂದ ಹೇಡಿ, ದ್ರೋಹಿ ಎಂಬ ಮಾತುಗಳು ಬೀಳುತ್ತವೆ. ಕಳಿಸಿದವನನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ. ಶ್ರೀಲಂಕಾದ ಕತೆ ನಮ್ಮ ಕಣ್ಣ ಮುಂದೆಯೇ ನಡೆದದ್ದು. ಇವತ್ತಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ.

1987ರ ಜುಲೈ 29ರಂದು ಕೊಲಂಬೊದಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನವೇ ನಮ್ಮ ಪಡೆಗಳು ಜಾಫ್ನಾದಲ್ಲಿ ಇಳಿಯತೊಡಗಿದವು. ತಮಿಳರ ಪ್ರತ್ಯೇಕ ದೇಶಕ್ಕಾಗಿ ಬಂದೂಕು ಹಿಡಿದು ಕೂತಿದ್ದ ಎಲ್‌ಟಿಟಿಇ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿರಲಿಲ್ಲ. ನಮ್ಮೂರಲ್ಲಿ ಒಂದು ಜೋಡಿ ಎತ್ತು ಕೊಳ್ಳುವವ ಮೂರು ಸಂತೆ ತಿರುಗುತ್ತಾನೆ, ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಾವಿರಾರು ಮಕ್ಕಳನ್ನು ಸಮುದ್ರದಾಚೆ ಕಳಿಸಲಿಕ್ಕೆ ದಿಲ್ಲಿಗೆ ಒಂದು ರಾತ್ರಿ ಸಾಕಾಯಿತು. ಶಾಂತಿಪಾಲನಾ ಪಡೆ ಎಂದು ಹೆಸರಿಟ್ಟರು. ಅಕ್ಟೋಬರ್ ಹೊತ್ತಿಗೆ ಅದು ಯುದ್ಧದ ಪಡೆಯಾಗಿತ್ತು.

ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆಟದ ಮೈದಾನಕ್ಕೆ ಹೆಲಿಕಾಪ್ಟರುಗಳಿಂದ ಸೈನಿಕರನ್ನು ಇಳಿಸಿದರು. ಎಲ್‌ಟಿಟಿಇ ನಾಯಕರನ್ನು ನಿದ್ದೆಯಲ್ಲೇ ಹಿಡಿಯುವುದು ಲೆಕ್ಕಾಚಾರ. ಆ ಕಡೆಯವರು ನಮ್ಮ ರೇಡಿಯೊ ಮಾತನ್ನು ಮೊದಲೇ ಕದ್ದು ಕೇಳಿ, ಗುರಿ ಇಟ್ಟು ಕಾಯುತ್ತಿದ್ದರು. 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಮಂದಿ ಇಳಿದ ಮೇಲೆ ಗುಂಡಿನ ಮಳೆಗೆ ಹೆಲಿಕಾಪ್ಟರುಗಳಿಗೆ ಮತ್ತೆ ಬರಲಾಗಲಿಲ್ಲ. ಅವರ ಹಿಂದೆ ಬರಬೇಕಾಗಿದ್ದ ಗೆಳೆಯರು ಬರಲಿಲ್ಲ, ಮದ್ದುಗುಂಡು ಬರಲಿಲ್ಲ. ಇರುಳೆಲ್ಲ ಬಯಲಲ್ಲಿ ಬಿದ್ದು ಕಾದಾಡಿ, ಬೆಳಕು ಹರಿದ ಮೇಲೆ ತೋಟಾ ಮುಗಿದು ಸತ್ತರು. 30ರಲ್ಲಿ 29 ಮಂದಿ. ಉಳಿದವನೊಬ್ಬ ಸೆರೆಸಿಕ್ಕ. ಅವರ ಶೌರ್ಯದ ಮುಂದೆ ತಲೆ ಬಾಗುತ್ತೇನೆ. ಅವರನ್ನು ಅಲ್ಲಿ ಇಳಿಸಿದ ಉಡಾಫೆಗೆ ತಲೆ ಬಾಗಲಾರೆ.

ಹತ್ತು ದಿನ ಕಳೆಯಿತು. ಅಕ್ಟೋಬರ್ 21, ದೀಪಾವಳಿ. ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಪಡೆ ನುಗ್ಗಿತು. ವೈದ್ಯರು, ನರ್ಸುಗಳು, ಹಾಸಿಗೆ ಹಿಡಿದ ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಹತರಾದರು. ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕರು ಎಂದು ಸರ್ಕಾರ ಹೇಳಿತು. ಬದುಕುಳಿದವರು ಬೇರೆಯೇ ಹೇಳಿದರು. ನಮ್ಮ ಸೈನಿಕರ ಸಾವನ್ನು ಬರೆದು ಇದನ್ನು ಬಿಟ್ಟರೆ ನಾನು ಸುಳ್ಳುಗಾರನಾಗುತ್ತೇನೆ. ಹೊಣೆಗೇಡಿಯಾಗಿ ಕಳಿಸಿದ ಪಡೆ ತಾನೂ ಸಾಯುತ್ತದೆ, ಪರರನ್ನೂ ಕೊಲ್ಲುತ್ತದೆ. ಆ ಪಾಪದ ಹೊರೆಯನ್ನು ಇಪ್ಪತ್ತರ ಹುಡುಗನ ಹೆಗಲಿಗೇ ಬಿಡುತ್ತಾರೆ.

ಪರಸೈನ್ಯ ಊರು ಹೊಕ್ಕರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಗೆ ಯಾರೂ ಕಲಿಸಬೇಕಿಲ್ಲ. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ತಲೆ ಬಿದ್ದಾಗ ಕಂಪನಿಯ ಪಡೆ ನರಗುಂದದ ಮೇಲೆ ಏರಿ ಬಂತು. ಜೂನ್ ಮೊದಲ ದಿನಗಳಲ್ಲಿ ಊರು ಸೂರೆಹೋಯಿತು. ನರಗುಂದದ ದೊರೆ ಬಾಬಾಸಾಹೇಬ ಕೂಡಿಸಿಟ್ಟಿದ್ದ ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರ ಅರಮನೆಯ ಜೊತೆಗೇ ಹಾಳಾಯಿತು. ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸೂರೆಗೆ ಬಂದ ಆ ಪಡೆಯಲ್ಲಿ ಇದೇ ನೆಲದ ಸಿಪಾಯಿಗಳಿದ್ದರು, ಯಾರದೋ ಹುಕುಮಿಗೆ ಕೋವಿ ಎತ್ತಿದವರು. ಜಾಫ್ನಾದ ಸಾರ್ವಜನಿಕ ಗ್ರಂಥಾಲಯವನ್ನು ಸುಟ್ಟದ್ದೂ ಜೂನ್ ಒಂದರ ಆಸುಪಾಸಿನಲ್ಲೇ, 1981ರಲ್ಲಿ. 97,000ದಷ್ಟು ಪುಸ್ತಕಗಳು, ತಾಳೆಗರಿಗಳು ಬೂದಿಯಾದವು. ಸುಟ್ಟವರು ಸಿಂಹಳ ಪೊಲೀಸರು ಮತ್ತು ಪುಂಡರು. ಇಷ್ಟು ಆಳದ ಗಾಯ ಇದ್ದ ಊರಿಗೆ, ಆ ಗಾಯದ ಬಾಯಿ ಯಾವ ಕಡೆಗಿದೆ ಎಂದೂ ನೋಡದೆ ನಮ್ಮವರು ಬೂಟುಗಾಲಲ್ಲಿ ಇಳಿದರು.

ಇನ್ನೊಂದು ಮಾತು ಹೇಳುವಾಗ ಕೈ ನಡುಗುತ್ತದೆ. ನಮ್ಮವರನ್ನು ಕೊಂದ ಆ ಹೋರಾಟಗಾರರಿಗೆ 1983ರ ನಂತರ ತರಬೇತಿ, ಆಯುಧ ಕೊಟ್ಟದ್ದು ನಮ್ಮ ದಿಲ್ಲಿಯೇ. ಮುಂದೆ 1989ರಲ್ಲಿ, ನಮ್ಮ ಪಡೆಯನ್ನು ಓಡಿಸಲು ಅವರಿಗೇ ಆಯುಧ ಒದಗಿಸಿದ್ದು ಕೊಲಂಬೊ ಸರ್ಕಾರ. ಕರೆದವನೂ ಕಳಿಸಿದವನೂ ಕೊಟ್ಟ ಆಯುಧಗಳ ಎದುರಿಗೆ ನಮ್ಮ ಹುಡುಗರು ಎದೆಕೊಟ್ಟು ನಿಂತಿದ್ದರು.

ಅದೇ 1989ರ ಜೂನ್ 1ರಂದು ಅಧ್ಯಕ್ಷ ಪ್ರೇಮದಾಸ, ಜುಲೈ 29ರೊಳಗೆ ಭಾರತದ ಪಡೆ ಹೊರಡಬೇಕು ಎಂದರು. ದಿಲ್ಲಿಗೆ ಮಾನದ ಪ್ರಶ್ನೆ ಬಂತು, ಗಡುವು ದಾಟಿತು, ಹೆಣಗಳು ಬೀಳುತ್ತಲೇ ಇದ್ದವು. ಕೊನೆಗೆ ಕರೆಸಿದ್ದು ವಿ. ಪಿ. ಸಿಂಗ್ ಸರ್ಕಾರ. ಅವರ ಜನತಾದಳ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1988ರ ಅಕ್ಟೋಬರ್ 11ರಂದು. ಜಾಫ್ನಾದ ಆ ಮೈದಾನದ ರಾತ್ರಿಗೆ ಅಂದಿಗೆ ಸರಿಯಾಗಿ ಒಂದು ವರ್ಷ. 1990ರ ಮಾರ್ಚ್ 24ರಂದು ಟ್ರಿಂಕೋಮಲಿಯಿಂದ ಕೊನೆಯ ತುಕಡಿ ಹೊರಟಿತು. ಮದ್ರಾಸಿನ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಅವರಿಗೂ ಅವರದೇ ಸಂಕಟ ಇತ್ತು, ಸತ್ತ ತಮಿಳರ ಸಂಕಟ. ಆದರೆ ಹಡಗಿನಿಂದ ಇಳಿದವರು ತಾವಾಗಿ ಹೋದವರಾಗಿರಲಿಲ್ಲ. ಸುಮಾರು 32 ತಿಂಗಳಲ್ಲಿ ಸತ್ತ ನಮ್ಮ ಸೈನಿಕರು 1,165. ಅವರ ಸಾವಿನ ಹೊಣೆ ಯಾರೂ ಹೊರಲಿಲ್ಲ, ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಆಮೇಲೆ ಆ ಯುದ್ಧ ನಮ್ಮ ಹೊಸ್ತಿಲಿಗೇ ಬಂತು. ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಬಲಿ ತೆಗೆದುಕೊಂಡಿತು. ಆ ಸಂಚಿನ ಶಿವರಾಸನ್ ಸತ್ತದ್ದು ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ.

ನಮ್ಮ ಸಂಸತ್ತಿಗೆ ಈ ವಿಷಯದಲ್ಲಿ ಬಾಯಿಯೇ ಇಲ್ಲ ಎನ್ನಲಾರೆ. 2003ರ ಏಪ್ರಿಲ್‌ನಲ್ಲಿ ಲೋಕಸಭೆ ಇರಾಕಿನ ಮೇಲಿನ ಯುದ್ಧದ ವಿರುದ್ಧ ಒಮ್ಮತದ ಗೊತ್ತುವಳಿ ಮಾಡಿತು, ಅಮೆರಿಕದ ಕೂಟದ ಪಡೆಗಳು ವಾಪಸಾಗಬೇಕು ಎಂದಿತು. ಇಂಗ್ಲಿಷಿನಲ್ಲಿ ಯಾವ ಪದ ಹಾಕಬೇಕೆಂದು ಜಗ್ಗಾಟ ಆಗಿ, ಹಿಂದಿಯ ‘ನಿಂದಾ’ ಪದಕ್ಕೆ ಎಲ್ಲರೂ ಒಪ್ಪಿದರು. ಅದೇ ವರ್ಷದ ಜುಲೈನಲ್ಲಿ, ಅಮೆರಿಕ ಕೇಳಿದ್ದ ಪಡೆಯನ್ನು ಇರಾಕಿಗೆ ಕಳಿಸುವುದಿಲ್ಲ ಎಂದು ವಾಜಪೇಯಿ ಸರ್ಕಾರ ತೀರ್ಮಾನಿಸಿತು. ಅವತ್ತು ಎಷ್ಟು ಟ್ರಂಕುಗಳು ಉಳಿದವೋ! ಒಂದು ಪದದ ತೂಕವನ್ನು ಅಷ್ಟು ನೋಡಬಲ್ಲ ಸದನಕ್ಕೆ, ನಮ್ಮದೇ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಮೊದಲು ಕೂತು ಮಾತಾಡಿ ಮತ ಹಾಕಲೇಬೇಕು ಎಂಬ ಕಟ್ಟಳೆ ಇಂದಿಗೂ ಇಲ್ಲ. ಸಂವಿಧಾನದಲ್ಲಿ ಇಲ್ಲ, ಕಾನೂನಿನಲ್ಲಿ ಇಲ್ಲ. ನಾಲ್ಕು ಗೋಡೆಯ ನಡುವೆ ನಾಲ್ಕು ಜನ ಹೂಂ ಎಂದರೆ ಆಯಿತು.

ಇದು ಹಳೆಯ ಕತೆ ಎನ್ನುವವರು ಕಲಬುರಗಿಗೆ ಹೋಗಿ ಬರಲಿ. ಕೆಲಸ ಕೊಡಿಸುತ್ತೇವೆಂದು ದಲ್ಲಾಳಿಗಳು ಅಲ್ಲಿನ ಬಡವರ ಮಕ್ಕಳನ್ನು ರಷ್ಯಾಕ್ಕೆ ಸಾಗಿಸಿದರು. ಅವರನ್ನು ಉಕ್ರೇನಿನ ಯುದ್ಧಕ್ಕೆ ದೂಡಲಾಯಿತು. ಗುಜರಾತಿನಿಂದ ಹೋದ ಒಬ್ಬ 2024ರ ಫೆಬ್ರವರಿಯಲ್ಲಿ ಅಲ್ಲೇ ಸತ್ತ. ಮೊದಲು ಬಾಯಿ ಬಡಿದುಕೊಂಡವರು ಮನೆಯವರು, ಅಪ್ಪ ಅಮ್ಮಂದಿರು. ಪ್ರಧಾನಿ ಮಾಸ್ಕೋದಲ್ಲಿ ಪುಟಿನ್ ಮುಂದೆ ವಿಷಯ ಎತ್ತಿದ್ದು ಜುಲೈನಲ್ಲಿ. ಕಲಬುರಗಿಯ ಹುಡುಗರು ಮನೆ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಅಷ್ಟು ತಿಂಗಳು ಒಲೆ ಹಚ್ಚಿದವರ ಎದೆ ಹೇಗೆ ಉರಿದಿರಬೇಕು!

ವೋಟು ಕೇಳಲು ನಮ್ಮ ಹೊಳೆಸಾಲಿಗೆ ಎಲ್ಲ ಪಕ್ಷದವರೂ ಬರುತ್ತೀರಿ. ನೆರೆ ಬಂದಾಗ ಬರುತ್ತೀರಿ, ಹುತಾತ್ಮನ ಮೆರವಣಿಗೆಗೂ ಬಂದು ಹಾರ ಹಾಕುತ್ತೀರಿ. ನಿಮ್ಮ ಕೊರಳ ಶಾಲು ಯಾವ ಬಣ್ಣದ್ದಾದರೂ ಇರಲಿ, ನನಗೆ ಬೇಕಾದದ್ದು ಒಂದೇ ಉತ್ತರ. ಇನ್ನು ಮುಂದೆ ಒಬ್ಬೇ ಒಬ್ಬ ಸೈನಿಕ ಪರದೇಶದ ಯುದ್ಧಕ್ಕೆ ಹಡಗು ಹತ್ತುವ ಮೊದಲು, ಸದನದಲ್ಲಿ ಎದ್ದು ನಿಂತು, ನಿಮ್ಮ ಹೆಸರು ದಾಖಲಾಗುವಂತೆ ಹೌದು ಅಥವಾ ಅಲ್ಲ ಎನ್ನುವ ಕಾಯ್ದೆಯನ್ನು ತರುತ್ತೀರೋ, ಇಲ್ಲವೋ?