ಸತ್ತ ರಕ್ಕಸನೂ ನಗುವ ಸಾಮಾಜಿಕರೂ

ಭಯವನ್ನು ಹುಟ್ಟಿಸಲೆಂದೇ ರಚಿತವಾದ ಚಲಚ್ಚಿತ್ರವು ತಾನು ಕೇವಲ ಚಿತ್ರವೆಂದು ತಾನೇ ಒಪ್ಪಿಕೊಂಡರೆ ಭಯಾನಕರಸವು ಅಲ್ಲಿಗೆ ಭಂಗವಾಯಿತೆಂಬುದು ವಿಮರ್ಶಕರಲ್ಲಿ ಒಂದು ಪಕ್ಷ. ಹಳೆಯ ರಕ್ಕಸನನ್ನು ಮರಳಿ ಕರೆತಂದು ಅವನೊಡನೆ ನಕ್ಕುಬಿಡುವುದೇ ಪ್ರೌಢಿಮೆಯೆಂಬುದು ಇನ್ನೊಂದು ಪಕ್ಷ. ಅಮೆರಿಕದ ವೆಸ್ ಕ್ರೇವನ್ 1994ರಲ್ಲಿ ನಿರ್ದೇಶಿಸಿದ ‘ನ್ಯೂ ನೈಟ್‌ಮೇರ್’ ಚಿತ್ರದ ಮುಂದೆ ಈ ಎರಡು ಪಕ್ಷಗಳೂ ನಿಲ್ಲಲಾರವು.

ಇದರ ಮೂಲವನ್ನು ಕ್ರೇವನ್ನನೇ 1984ರಲ್ಲಿ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಎಂಬ ಹೆಸರಿನಲ್ಲಿ ರಚಿಸಿದ್ದನು. ಅದರ ಖಳನಾದ ಫ್ರೆಡ್ಡಿ ಕ್ರೂಗರ್ ಶಿಶುಹಂತಕ. ನ್ಯಾಯಸ್ಥಾನದ ಕಾಗದಪತ್ರಗಳ ಲೋಪದಿಂದ ಬಿಡುಗಡೆ ಹೊಂದಿದ ಅವನನ್ನು ಊರಿನ ತಂದೆತಾಯಿಗಳು ಸುಟ್ಟು ಕೊಲ್ಲುತ್ತಾರೆ; ಅವನು ಅವರ ಉಳಿದ ಮಕ್ಕಳ ಕನಸುಗಳನ್ನು ಹೊಕ್ಕು, ಅಲಗುಗಳನ್ನು ಹೊಂದಿಸಿದ ಕೈಗವಸಿನಿಂದ ಅವರನ್ನು ಸೀಳುತ್ತಾನೆ. ಎಚ್ಚರವಾಗಿರುವುದೊಂದೇ ರಕ್ಷೆ, ಆದರೆ ನಿದ್ದೆಯನ್ನು ಗೆದ್ದ ಮನುಷ್ಯನುಂಟೇ? ಭಯಕ್ಕೆ ಇದಕ್ಕಿಂತ ಗಟ್ಟಿಯಾದ ವಿಭಾವವನ್ನು ಕಲ್ಪಿಸುವುದು ಕಷ್ಟ.

1985ರಿಂದ 1991ರ ವರೆಗೆ ಬಂದ ಐದು ಉತ್ತರಭಾಗಗಳು ಈ ಬಂಡವಾಳವನ್ನು ಕರಗಿಸಿದವು. ಕೊಲೆಗೊಂದು ಚಾಟೂಕ್ತಿಯಂತೆ ಫ್ರೆಡ್ಡಿ ಬರಬರುತ್ತ ವಿದೂಷಕನಾದನು. 1988ರಲ್ಲಿ ದೂರದರ್ಶನದ ಕಥಾಮಾಲೆಯೊಂದಕ್ಕೆ ಅವನೇ ನಿರೂಪಕ. ಅವನ ಮುಖವಾಡವೂ ಕೈಗವಸೂ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದವು. ಶಿಶುಹಂತಕನು ಶಿಶುಗಳ ಆಟಿಕೆಯಾದನೆಂದರೆ ತಪ್ಪಾಗಲಾರದು. ಹಾಸ್ಯಕ್ಕೂ ಭಯಾನಕಕ್ಕೂ ವಿರೋಧವೆಂದು ಸಾಹಿತ್ಯದರ್ಪಣಕಾರನು ವಿಧಿಸಿದುದು ಬರಿಯ ಶಾಸ್ತ್ರದ ಹಟವಲ್ಲ. 1991ರ ಚಿತ್ರದ ಹೆಸರಿನಲ್ಲಿಯೇ ಫ್ರೆಡ್ಡಿಯ ಮರಣವನ್ನು ಸಾರಲಾಯಿತು. ಮೂರು ವರ್ಷಗಳಲ್ಲಿ ಅವನೆದ್ದು ಬಂದನು. ಲಾಭವಿರುವ ತನಕ ಇಂಥವರಿಗೆ ಮೃತ್ಯುವಿಲ್ಲ.

ಆದರೆ ಈ ಬಾರಿ ಎದ್ದು ಬಂದ ಬಗೆ ಬೇರೆ. ಮೊದಲ ಚಿತ್ರದ ನಾಯಿಕೆಯಾಗಿದ್ದ ಹೆದರ್ ಲ್ಯಾಂಗೆನ್‌ಕ್ಯಾಂಪ್ ಇಲ್ಲಿ ತನ್ನ ಹೆಸರಿನಿಂದಲೇ, ಚಿಕ್ಕ ಮಗನ ತಾಯಿಯಾಗಿ ಬರುತ್ತಾಳೆ. ಕ್ರೇವನ್ನನೂ ನಿರ್ಮಾಪಕ ಸಂಸ್ಥೆಯ ಮುಖ್ಯನಾದ ರಾಬರ್ಟ್ ಶೇಯೂ ತಾವು ತಾವಾಗಿಯೇ ಇದ್ದಾರೆ. ಪುರಾತನವಾದ ಕೇಡೊಂದು ಕಥೆಯಲ್ಲಿ ಬಂಧಿತವಾಗಿತ್ತು. ಕಥೆಯನ್ನು ನಿಲ್ಲಿಸಿದೊಡನೆ ಅದು ಬಿಡುಗಡೆಗೊಂಡು ಫ್ರೆಡ್ಡಿಯ ರೂಪದಲ್ಲಿ ಹೊರಗೆ ತಿರುಗುತ್ತಿದೆ. ಅದನ್ನು ಕಟ್ಟಿಹಾಕಲು ಕಥೆಯನ್ನು ಇನ್ನೊಮ್ಮೆ ಹೇಳಬೇಕು, ಹೆದರ್ ಆ ಪಾತ್ರವನ್ನು ಇನ್ನೊಮ್ಮೆ ಧರಿಸಬೇಕು. ಒಂದು ಪ್ರಸಂಗವಂತೂ ಮರೆಯತಕ್ಕದ್ದಲ್ಲ. ಫ್ರೆಡ್ಡಿಯ ನಟನಾದ ರಾಬರ್ಟ್ ಎಂಗ್ಲಂಡ್ ಆ ವೇಷದಲ್ಲಿ ದೂರದರ್ಶನದ ಸಭೆಗೆ ನುಗ್ಗಿದಾಗ ನೆರೆದವರು ಜಯಘೋಷ ಮಾಡುತ್ತಾರೆ. ಮಗನ ನಿದ್ದೆಗೆ ಹೆದರಿ ಬಂದ ತಾಯಿ ಆ ಘೋಷದ ನಡುವೆ ಒಬ್ಬಳೇ.

ಚಿತ್ರವು ತನ್ನನ್ನು ತಾನು ಬಲ್ಲುದರಿಂದ ಇಲ್ಲಿ ರಸಭಂಗವೆಲ್ಲಾಯಿತು? ಶಾಕುಂತಲದ ಪ್ರಸ್ತಾವನೆಯಲ್ಲಿ ಸೂತ್ರಧಾರನು ನಟಿಯ ಹಾಡಿಗೆ ಸೋತು ತಾನಾಡಿಸಬೇಕಾದ ನಾಟಕವನ್ನೇ ಮರೆಯುತ್ತಾನೆ; ಅದರಿಂದ ದುಷ್ಯಂತನ ರಥದ ವೇಗ ಕುಗ್ಗಲಿಲ್ಲ. ಉತ್ತರರಾಮಚರಿತದ ಏಳನೆಯ ಅಂಕದಲ್ಲಿ ರಾಮನು ತನ್ನ ಕಥೆಯನ್ನೇ ನಾಟಕವಾಗಿ ನೋಡುತ್ತಾನೆ. ಇದು ನಾಟಕವೆಂದು ಲಕ್ಷ್ಮಣನು ನೆನಪಿಸಿದರೂ ಅವನ ದುಃಖ ನಿಲ್ಲುವುದಿಲ್ಲ. ಹೆದರಳ ಸ್ಥಿತಿಯೂ ಅಂಥದೇ.

ಇನ್ನು ನಗುವ ಪಕ್ಷದವರು. ಅವರು ಮೆಚ್ಚುವ ಹಾಸ್ಯವನ್ನೇ ಕ್ರೇವನ್ ಇಲ್ಲಿ ಬಹುಮಟ್ಟಿಗೆ ಕಳೆದಿದ್ದಾನೆ. ಇಂಥ ಕೇಡನ್ನು ಆಟಿಕೆ ಮಾಡಿದವರಾರೆಂದು ತನ್ನನ್ನೂ ಬಿಡದೆ ಕೇಳುತ್ತಾನೆ. ಕೊನೆಯ ಪಾತಾಳದೃಶ್ಯ ಸಾಧಾರಣವೆಂಬುದು ನಿಜ. ಅಲ್ಲಿ ಹೊಗೆ ಹೆಚ್ಚು, ಭಯ ಕಡಮೆ. ಆದರೂ ಕೃತಿಯ ಪ್ರಶ್ನೆ ಉಳಿಯುತ್ತದೆ. ಆ ಪ್ರಶ್ನೆ ಜನಕ್ಕೆ ರುಚಿಸಲಿಲ್ಲ. ಅಮೆರಿಕದಲ್ಲಿ ಹಿಂದಿನ ಆರು ಚಿತ್ರಗಳಲ್ಲಿ ಯಾವುದರಷ್ಟೂ ಇದು ಗಳಿಸಲಿಲ್ಲ. ಅದೇ ಕ್ರೇವನ್ 1996ರಲ್ಲಿ ‘ಸ್ಕ್ರೀಮ್’ ತೆಗೆದಾಗ ಗಳಿಕೆ ಅಲ್ಲಿಯೇ ಹತ್ತು ಕೋಟಿ ಡಾಲರುಗಳನ್ನು ದಾಟಿತು. ಅದನ್ನನುಸರಿಸಿದ ಹಲವರು ಕಣ್ಣುಮಿಟುಕನ್ನು ತೆಗೆದುಕೊಂಡು ಕತ್ತಲೆಯನ್ನು ಬಿಟ್ಟರು. 2003ರಲ್ಲಿ ಫ್ರೆಡ್ಡಿಯನ್ನು ಮತ್ತೊಂದು ಸರಣಿಯ ಕೊಲೆಗಾರನಾದ ಜೇಸನ್ನನೊಡನೆ, ಅಂಕಕ್ಕೆ ಬಿಟ್ಟ ಹುಂಜಗಳಂತೆ, ಕಾದಾಟಕ್ಕೆ ನಿಲ್ಲಿಸಿದರು. ಫ್ರೆಡ್ಡಿಯ ಹೆಸರಿನಲ್ಲಿ ಅಲ್ಲಿಯವರೆಗೆ ಬಂದ ಏಳು ಚಿತ್ರಗಳಲ್ಲಿ ಯಾವುದಕ್ಕಿಂತಲೂ ಹೆಚ್ಚು ಹಣ ಅಮೆರಿಕದಲ್ಲಿ ಅದಕ್ಕೆ ಬಂದಿತು.