ಜೇಬಿನ ಪಿಸ್ತೂಲಿಂದ ಜೀವ ಉಳಿದೀತೇ?

ಪರಿಗಿ: ಜೇಬಿನಲ್ಲಿಟ್ಟರೂ ಹೊರಗೆ ಗೊತ್ತಾಗದಂಥ ಪುಟ್ಟ ಪಿಸ್ತೂಲಿನ ಮೇಲೆ ದುಡ್ಡಿದ್ದವರಿಗೆ ಒಂದು ಮೋಹ. ಸೊಂಟದಲ್ಲಿ ಒಂದಿದ್ದರೂ ‘ಕಷ್ಟಕಾಲಕ್ಕೆ ಇರಲಿ’ ಅಂತ ಇನ್ನೊಂದು ಬಯಸುವವರೂ ಉಂಟು. ಫ್ಯಾಕ್ಷನ್ ಜಗಳಕ್ಕೆ ಹೆಸರಾದ ಅನಂತಪುರ ಸೀಮೆಯಲ್ಲಿ ಈ ಮೋಹದ ಲಾಭ ಎಷ್ಟು ಅಂತ ಲೆಕ್ಕ ಹಾಕಿದವರು ಕಡಿಮೆ.

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ ‘ನಿರ್ಭೀಕ್’ ರಿವಾಲ್ವರ್ ಪಾಯಿಂಟ್ 32 ಬೋರಿನದು. ಆರು ಗುಂಡು, ತೂಕ ಅರ್ಧ ಕೆ.ಜಿ. ಮಹಿಳೆಯರ ರಕ್ಷಣೆಗೆ ಅಂತ ಪ್ರಚಾರವಾಯಿತು; ಬೆಲೆ ಆಗಲೇ 1.22 ಲಕ್ಷ ರೂಪಾಯಿ! ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಎಟುಕುವ ಮಾತೇ? ಆಮೇಲೆ ಬಂದ ‘ನಿಡರ್’ ಪಾಯಿಂಟ್ 22ರದು, ತೂಕ ಕಾಲು ಕೆ.ಜಿ. ಜೇಬಿಗೆ ಇದೇ ವಾಸಿ ಅನ್ನಿಸಬಹುದು. ಆದರೆ ಗುಂಡು ಸಣ್ಣದಾದಷ್ಟೂ ಎದುರಿನವನನ್ನು ತಡೆಯುವ ಶಕ್ತಿ ಕಡಿಮೆ. ಗುಂಡು ದೊಡ್ಡದು ಮಾಡಿದರೆ ಹಗುರ ಪಿಸ್ತೂಲು ಕೈಗೆ ಒದೆಯುತ್ತದೆ, ಗಿಡ್ಡ ನಳಿಕೆಯಲ್ಲಿ ಗುರಿ ಹಿಡಿಯುವುದೂ ಕಷ್ಟ. ಅಮೆರಿಕದಲ್ಲಿ 2008ರಲ್ಲಿ ಬಂದ ರೂಗರ್ ಎಲ್‌ಸಿಪಿಯದೂ ಇದೇ ಪಾಡು. ಅಭ್ಯಾಸವಿಲ್ಲದವನ ಕೈಗೆ ದೊಡ್ಡದಕ್ಕಿಂತ ಚಿಕ್ಕದೇ ತ್ರಾಸು.

ಅದಿರಲಿ, ಈ ಜಿಲ್ಲೆಯ ಅನುಭವವೇನು? ಪೆನುಕೊಂಡ ಶಾಸಕ ಪರಿಟಾಲ ರವಿ ಅವರಿಗೆ ಗನ್‌ಮ್ಯಾನ್‌ಗಳಿದ್ದರು. ಆದರೂ 2005ರ ಜನವರಿ 24ರಂದು ಅನಂತಪುರದ ಪಕ್ಷದ ಕಚೇರಿಯಲ್ಲೇ ಹತ್ಯೆಯಾಯಿತು. ಆ ಪ್ರಕರಣದ ಆರೋಪಿ ಮದ್ದೆಲಚೆರುವು ಸೂರಿ 2011ರ ಜನವರಿಯಲ್ಲಿ ಹೈದರಾಬಾದಿನಲ್ಲಿ, ಜೊತೆಗೇ ಕಾರಿನಲ್ಲಿದ್ದ ಅನುಚರ ಭಾನುಕಿರಣ್ ಗುಂಡಿಗೆ ಬಲಿಯಾದ. ಭಾನುಕಿರಣ್‌ಗೆ 2018ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಪಕ್ಕದಲ್ಲಿ ಕೂತವನ ಬಳಿ ಏನಿದೆ ಅಂತ ಕಾಣದಿದ್ದಾಗ ಅನುಕೂಲ ಯಾರಿಗೆ? ಕೊಲ್ಲಲು ಬಂದವನಿಗೆ ತಾನೇ!

ಕಾನೂನೂ ಸಲೀಸಿಲ್ಲ. ಮೂರು ಬಂದೂಕಿನ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿದೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒಯ್ಯುವವರು ಚೀಲದಲ್ಲೋ ಹೋಲ್‌ಸ್ಟರ್‌ನಲ್ಲೋ ಪೂರ್ತಿ ಮುಚ್ಚಿರಬೇಕು ಅಂತ 2016ರ ನಿಯಮ ಹೇಳುತ್ತದೆ. ಅದು ಜನ ಬೆದರದಿರಲಿ ಅಂತ, ಪೊಲೀಸರ ಕಣ್ಣು ತಪ್ಪಿಸಲಿ ಅಂತಲ್ಲ.

ಗಡಿಯವರಿಗೆ ಇನ್ನೊಂದು ಪೇಚು. ಹಿಂದೂಪುರದಿಂದ ಗೌರಿಬಿದನೂರಿಗೆ ಮದುವೆಗೋ ಸಂತೆಗೋ ಹೋಗುವಾಗ ರಾಜ್ಯ ದಾಟಿದ್ದೇ ತಿಳಿಯದು. ಆಂಧ್ರಕ್ಕೆ ಮಾತ್ರ ಸಿಂಧುವಾದ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಜೇಬಿನಲ್ಲಿರುವುದು ಅಕ್ರಮ ಆಯುಧವೇ. ಚುನಾವಣೆ ಬಂದಾಗ ಒಂದು ಕಡೆ ಆಯುಧ ಠಾಣೆಗೆ ಒಪ್ಪಿಸುತ್ತಾರೆ, ಗಡಿಯಾಚೆ ಆ ನಿರ್ಬಂಧ ಇರಬೇಕೆಂದಿಲ್ಲ. ಶ್ರೀ ಸತ್ಯಸಾಯಿ, ಚಿಕ್ಕಬಳ್ಳಾಪುರ, ತುಮಕೂರು ಪೊಲೀಸರು ಲೈಸೆನ್ಸ್‌ದಾರರ ಪಟ್ಟಿ ಪರಸ್ಪರ ಹಂಚಿಕೊಳ್ಳಲಿ. ಎರಡನೇ ಪಿಸ್ತೂಲು ಕೇಳಿದವರಿಗೆ, ಮೊದಲನೆಯದು ಯಾತಕ್ಕೆ ಸಾಲದಾಯಿತು ಅಂತ ಲಿಖಿತವಾಗಿ ಕೇಳಿ, ಉತ್ತರ ಬಂದ ಮೇಲೆ ಫೈಲು ಮುಂದಕ್ಕೆ ಹೋಗಲಿ.