ಆಶ್ರಯವೋ, ಮರ್ಜಿಯೋ?

ಭಾರತವು ಶರಣು ಬಂದವರನ್ನು ಕೈಬಿಡದು ಎಂದು ನಾನು ನಾಗರಿಕಶಾಸ್ತ್ರದ ತರಗತಿಯಲ್ಲಿ ಹೆಮ್ಮೆಯಿಂದ ಬೋಧಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಉದಾಹರಣೆಗೆ ಕಾರವಾರ ಜಿಲ್ಲೆಯನ್ನು ದಾಟಬೇಕಾಗಿರಲಿಲ್ಲ: 1959ರಲ್ಲಿ ದಲೈ ಲಾಮಾರ ಹಿಂದೆ ಬಂದ ಟಿಬೇಟಿಯನ್ನರಿಗೆ 1966ರಲ್ಲಿ ನಮ್ಮ ಮುಂಡಗೋಡಿನಲ್ಲಿ ನೆಲೆ ದೊರೆಯಿತು. ಆ ಪಾಠದ ಅರ್ಧವನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ.

1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ. ಆಶ್ರಯ ನೀಡುವ ಕಾನೂನೂ ನಮ್ಮಲ್ಲಿಲ್ಲ. ಆದುದರಿಂದ ಅದು ಹಕ್ಕಲ್ಲ, ದಿಲ್ಲಿಯ ಮರ್ಜಿ. ತಸ್ಲೀಮಾ ನಸ್ರೀನ್ 2007ರಲ್ಲಿ ಕೋಲ್ಕತ್ತವನ್ನೂ, ದಿಲ್ಲಿಯಲ್ಲಿ ಸೆರೆಯಂತೆ ಕಾಲ ಕಳೆದು 2008ರಲ್ಲಿ ದೇಶವನ್ನೂ ಬಿಡಬೇಕಾಯಿತು. ಪಕ್ಷ ಬದಲಾಯಿತು, ಚಾಳಿ ಬದಲಾಗಲಿಲ್ಲ. 2018ರಲ್ಲಿ ಏಳು ಮಂದಿ ರೋಹಿಂಗ್ಯಾಗಳನ್ನು ಮ್ಯಾನ್ಮಾರಿಗೆ ಒಪ್ಪಿಸಲಾಯಿತು. ಅದೇ ವರ್ಷ ಟಿಬೇಟಿಯನ್ನರು ಭಾರತಕ್ಕೆ ಕೃತಜ್ಞತೆ ಸಲ್ಲಿಸುವ ಸಮಾರಂಭಕ್ಕೆ ಹೋಗದಿರುವಂತೆ ಸರ್ಕಾರವೇ ತನ್ನವರಿಗೆ ಸೂಚಿಸಿತು. ಬೀಜಿಂಗ್ ಮುನಿದೀತಲ್ಲ! ಧನ್ಯವಾದ ಸ್ವೀಕರಿಸಲೂ ಅಂಜುವ ಆತಿಥೇಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದವರೂ ಅಂದಿನ ಸರ್ಕಾರಕ್ಕೆ ದ್ರೋಹಿಗಳೇ. ಅವರ ಹೆಸರಿನಲ್ಲಿ ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ.

2024ರ ಆಗಸ್ಟ್ 5ರಂದು ಢಾಕಾ ಬಿಟ್ಟ ಶೇಖ್ ಹಸೀನಾರಿಗೆ ಬಾಗಿಲು ಅದೇ ಸಂಜೆ ತೆರೆಯಿತು. ತೆರೆದದ್ದು ತಪ್ಪೆನ್ನಲಾರೆ. ಆ ಏಳು ಮಂದಿಗೆ ಅದು ಮುಚ್ಚಿದ್ದೇಕೆಂದು ಕೇಳುತ್ತೇನೆ.